ವರ್ನಾ ಬಿಗಿದ ಬೇಸಿಗೆಯ ಜೆಟ್‌ಗಳು

ನನ್ನ ಹೆಂಡತಿ ವರ್ನಾ ತೀರಿಕೊಂಡು ಐದು ತಿಂಗಳಾಯಿತು. ಅವಳ ಬಟ್ಟೆಬರೆ ಏನು ಮಾಡಿದೆ ಎಂದು ಊರಿನ ಹೆಂಗಸರೆಲ್ಲ ಕೇಳಿದರು. ಎಲ್ಲವನ್ನೂ ಚರ್ಚಿಗೆ ಕೊಟ್ಟೆ. ಕೋಟು, ಬೂಟು, ಮದುವೆಯ ಗೌನು ಎಲ್ಲವೂ ಹೋಯಿತು, ನನಗೆ ಒಂದು ತೊಟ್ಟು ಕಣ್ಣೀರೂ ಬರಲಿಲ್ಲ. ಕೊಡಲಾರದೆ ಉಳಿಸಿಕೊಂಡದ್ದು ಎರಡೇ ವಸ್ತು, ಎರಡೂ ಕಡಲೆಕಾಳಿಗಿಂತ ದೊಡ್ಡವಲ್ಲ. ಅವು ನಮ್ಮ ಕ್ವಾಡ್‌ನ ಎರಡು ಕಾರ್ಬ್ಯುರೇಟರುಗಳೊಳಗೆ ಕೂತಿದ್ದವು.

ನಾಲ್ಕು ಚಕ್ರದ ಹಳೆಯ ಟೂ-ಸ್ಟ್ರೋಕ್ ಗಾಡಿ ಅದು. ಅದರ ಹಾಗೆ ಕಿರುಚುವ ಗಾಡಿ ನಮ್ಮ ಕೊಲ್ಲಿಯ ಎರಡು ದಡದಲ್ಲೂ ಮತ್ತೊಂದಿಲ್ಲ. ಓಡಿಸುವವನು ನಾನು, ಹದ ಮಾಡುವವಳು ಅವಳು. ಊರಿನವರು ನನ್ನ ಹೆಸರು ಹಿಡಿದು 'ಡೇಲ್‌ನ ಗಾಡಿ' ಎಂದಾಗಲೆಲ್ಲ ಮುಸಿಮುಸಿ ನಗುತ್ತಿದ್ದಳು. ಮೂವತ್ತೊಂದು ಚಳಿಗಾಲ, ಕೊಲ್ಲಿಯ ನೀರು ಹೆಪ್ಪುಗಟ್ಟುವ ವಾರ, ಅಡುಗೆಮನೆಯ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಬೇಸಿಗೆಯ ಜೆಟ್ ಬಿಚ್ಚಿ ಚಳಿಗಾಲದ್ದನ್ನು ಹಾಕುತ್ತಿದ್ದಳು. ಜೆಟ್ ಅಂದರೆ ನಡುವೆ ತೂತಿರುವ ಹಿತ್ತಾಳೆಯ ತುಣುಕು, ಪೆಟ್ರೋಲ್ ಒಳಗೆ ಹೋಗುವುದು ಆ ತೂತಿನಿಂದ. ಚಳಿಯ ಗಾಳಿ ದಪ್ಪ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಬೇಕು, ಹಾಗಾಗಿ ತೂತು ದೊಡ್ಡದಿರಬೇಕು. ಇಲ್ಲದಿದ್ದರೆ ಇಂಜಿನ್ ಪೆಟ್ರೋಲ್ ಸಾಲದೆ ಒಣಗಿ, ಕಾದು, ಪಿಸ್ಟನ್ ಕರಗಿ ಸೀಜ್ ಆಗಿ ನಿಂತುಬಿಡುತ್ತದೆ. ನಮ್ಮ ಕಡೆ ಇದು ಚಿಕ್ಕಮಕ್ಕಳಿಗೂ ಗೊತ್ತು.

ಜೂನ್‌ನಲ್ಲಿ ಅವಳು ಕೊನೆಯ ಸಲ ಬೇಸಿಗೆಯ ಜೆಟ್ ಹಾಕಿದಳು. ಕೈ ನಡುಗುತ್ತಿತ್ತು. ನಾನು ಹಾಕಿಕೊಡಲೇ ಎಂದದ್ದಕ್ಕೆ, "ನೀನು ಕೈ ಹಾಕಿದ್ರೆ ಇರೋದೂ ಕೆಡುತ್ತೆ. ಹೋಗು, ಕಾಫಿ ಮಾಡ್ಕೊಂಡು ಬಾ" ಅಂದಳು. ಆಗಸ್ಟಿನಲ್ಲಿ ಹೋಗಿಬಿಟ್ಟಳು. ಅವಳ ಕೈ ಕೊನೆಯದಾಗಿ ಬಿಗಿ ಮಾಡಿ ಬಿಟ್ಟದ್ದು ಈ ಲೋಕದಲ್ಲಿ ಅವೆರಡೇ. ಅವನ್ನು ಬಿಚ್ಚಲು ನನ್ನಿಂದ ಆಗುತ್ತಿರಲಿಲ್ಲ.

ಜನವರಿಯ ಒಂದು ಭಾನುವಾರ, ಚರ್ಚು ಮುಗಿಸಿಕೊಂಡು ಟೌನೋ ಭಾವ ಬಂದರು. ವರ್ನಾಳ ಅಣ್ಣ, ಎಪ್ಪತ್ತೆಂಟು ದಾಟಿದವರು, ಕೇಳದೆಯೇ ಬುಟ್ಟಿಯಿಂದ ಏಲಕ್ಕಿ ಬ್ರೆಡ್ಡು ತೆಗೆದುಕೊಂಡು ಕೂರುವವರು.

"ಮಂಜುಗಡ್ಡೆ ಹನ್ನೊಂದು ಇಂಚಿದೆ ಕಣೋ. ಕೊರೆದು ನೋಡ್ಕೊಂಡೇ ಬಂದೆ. ಗಾಡಿ ತಯಾರಾ?"

"ಹೂಂ. ಚಕ್ರಕ್ಕೆಲ್ಲ ಸ್ಕ್ರೂ ಹೊಡೆದಿದ್ದೀನಿ, ಜಾರಲ್ಲ. ತೀರಾ ತಣ್ಣಗಾಗದಿರಲಿ ಅಂತ ರೇಡಿಯೇಟರ್‌ಗೆ ರಟ್ಟು ಕಟ್ಟಿದ್ದೀನಿ."

"ಜೆಟ್ಟು?"

ನಾನು ಕಾಫಿ ಕಲಕುತ್ತ ಕೂತೆ. ಸಕ್ಕರೆಯನ್ನೇ ಹಾಕಿರಲಿಲ್ಲ.

"ಜೆಟ್ಟು ಯಾವ್ದಿದೆ ಅಂತ ಕೇಳ್ದೆ, ಡೇಲ್."

"ವರ್ನಾ ಹಾಕಿದ್ದೇ ಇದೆ."

"ಅವಳು ಹಾಕಿದ್ದು ಜೂನ್‌ನಲ್ಲಿ. ಇವತ್ತು ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿದೆ. ತಲೆ ನೆಟ್ಟಗಿದೆ ತಾನೆ ನಿಂಗೆ?"

"ನಿಧಾನವಾಗಿ ಓಡಿಸ್ತೀನಿ ಬಿಡಿ ಭಾವ."

"ನೀನು, ನಿಧಾನವಾಗಿ. ಬೆಕ್ಕು ಹಾಲು ಕಾಯ್ತೀನಿ ಅಂದ ಹಾಗಾಯ್ತು." ಬ್ರೆಡ್ಡಿನ ಪುಡಿ ಒರೆಸಿಕೊಂಡು ದನಿ ತಗ್ಗಿಸಿದರು. "ಆ ಹಿತ್ತಾಳೆ ಅವಳಲ್ಲ ಕಣೋ."

ನನಗೆ ಸರ್ರನೆ ಸಿಟ್ಟು ಬಂತು. "ನನ್ನ ಹೆಂಡ್ತಿ, ನನ್ನ ಗಾಡಿ. ನಿಮಗ್ಯಾಕೆ?"

"ನನ್ನ ತಂಗಿ" ಎಂದರು ಭಾವ. ಹೊರಡುವಾಗ ಅವಳ ಡಬ್ಬಿಯಿಂದ ಚಳಿಗಾಲದ ಜೆಟ್ ಎರಡನ್ನು ಹುಡುಕಿ ತೆಗೆದು, ಸ್ಪ್ಯಾನರ್ ಸಮೇತ ನನ್ನ ಕೋಟಿನ ಜೇಬಿಗೆ ತುರುಕಿದರು. "ಹಾಕಲೇಬೇಕು ಅಂತೇನಿಲ್ಲ. ಜೇಬಲ್ಲಿರಲಿ."

ಒಂಬತ್ತನೇ ಕಿಕ್ಕಿಗೆ ಇಂಜಿನ್ ಎದ್ದಿತು. ಸುಟ್ಟ ಆಯಿಲ್ ವಾಸನೆ ಅಂಗಳ ತುಂಬಿತು. ಆ ವಾಸನೆ ಅವಳ ಕೂದಲಲ್ಲಿ ಸದಾ ಇರುತ್ತಿತ್ತು, ಭಾನುವಾರ ಚರ್ಚಿನಲ್ಲೂ. ತಣ್ಣಗಿರುವ ಇಂಜಿನ್ನನ್ನು ಎಬ್ಬಿಸಿದ ಕೂಡಲೇ ಓಡಿಸಬಾರದು. ಅವಳು ಸಿಲಿಂಡರಿನ ಮೇಲೆ ಬರಿಗೈ ಇಟ್ಟು, ಬಿಸಿ ತಡೆಯಲಾರದಷ್ಟು ಆಗುವವರೆಗೆ ನನ್ನನ್ನು ಸೀಟಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನಾನೂ ಹಾಗೇ ಕೈ ಇಟ್ಟು ನಿಂತೆ.

ಭಾವ ದಡದಲ್ಲಿ ನಿಂತರು, ನಾನು ಹೆಪ್ಪುಗಟ್ಟಿದ ಕೊಲ್ಲಿಗೆ ಇಳಿದೆ. ಅರ್ಧ ಮೈಲಿ ಮಾತಿಗೆ ತಪ್ಪಲಿಲ್ಲ, ನಿಧಾನವಾಗಿಯೇ ಹೋದೆ. ಆದರೆ ಕೊಲ್ಲಿಯ ನಡುವೆ ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿತ್ತು. ಆಚೆ ದಡದವರೆಗೂ ಕಪ್ಪು ಗಾಜಿನಂಥ ಮಂಜುಗಡ್ಡೆ. ಹೆಬ್ಬೆರಳು ತಾನಾಗಿಯೇ ಆಕ್ಸಿಲರೇಟರನ್ನು ಕೊನೆಯವರೆಗೂ ಒತ್ತಿತು.

ಗಾಡಿ ಹಿಂದೆಂದೂ ಹಾಗೆ ಓಡಿರಲಿಲ್ಲ. ಒಣಗಿದ ಇಂಜಿನ್ ಸೀಜ್ ಆಗುವ ಮೊದಲು ಬಲು ಚೆನ್ನಾಗಿ ಓಡುತ್ತದೆ, ಆರುವ ದೀಪ ಜೋರಾಗಿ ಉರಿದ ಹಾಗೆ. ಅಷ್ಟರಲ್ಲಿ ಸದ್ದು ಸಣ್ಣಗಾಯಿತು. ಕಿರುಚಾಟದೊಳಗಿಂದ ಇನ್ನೊಂದು ತೆಳ್ಳನೆಯ ದನಿ, ಖಾಲಿ ಲೋಟಕ್ಕೆ ಚಮಚ ತಾಗಿಸಿದಂತೆ. ಈ ದನಿಯನ್ನು ಅವಳು ಎಷ್ಟು ಸಲ ನನಗೆ ಕೇಳಿಸಲು ನೋಡಿದ್ದಳೋ, ನಾನು ಏನೂ ಕೇಳಿಸದೆಯೇ ಹೂಂ ಹೂಂ ಎಂದು ತಲೆಯಾಡಿಸಿದ್ದೆ. ಈಗ ಸ್ಪಷ್ಟವಾಗಿ ಕೇಳಿಸಿತು. ಆದರೂ ಹೆಬ್ಬೆರಳು ತೆಗೆಯಲಿಲ್ಲ. ನಿಜ ಹೇಳುತ್ತೇನೆ, ಕರಗಿಹೋಗಲಿ ಅನ್ನಿಸಿತು. ಅವಳು ಹದ ಮಾಡಿದ್ದು ಅವಳು ಬಿಟ್ಟ ಹಾಗೆಯೇ ಮುಗಿಯಲಿ, ಬೇರೆ ಯಾರ ಕೈಯೂ ತಾಗದೆ.

ಮೂರು ಎಣಿಸುವಷ್ಟು ಹೊತ್ತು ಹಾಗೇ ಹಿಡಿದೆ. ಆಮೇಲೆ, ಪಿಸ್ಟನ್ ಸುಟ್ಟವನನ್ನು ವರ್ನಾ ಮನೆಯೊಳಗೆ ಸೇರಿಸುತ್ತಿರಲಿಲ್ಲ ಎಂಬುದು ನೆನಪಾಗಿ, ಕ್ಲಚ್ ಹಿಡಿದು ಇಂಜಿನ್ ನಿಲ್ಲಿಸಿದೆ.

ಆ ಬಯಲಲ್ಲಿ ಮಂಡಿಯೂರಿ ಕೈಗವಸು ಕಳಚಿದೆ. ಕಾರ್ಬ್ಯುರೇಟರಿನ ತಳ ಬಿಚ್ಚಿದಾಗ ಚೆಲ್ಲಿದ ಪೆಟ್ರೋಲ್ ಬೆರಳನ್ನು ಸುಡುವಷ್ಟು ತಣ್ಣಗಿತ್ತು. ಮೊದಲನೆಯ ಜೆಟ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೈ ನಡುಗುತ್ತಿದ್ದವಳು ಇಷ್ಟು ಬಿಗಿಯಾಗಿ ಹೇಗೆ ತಿರುಗಿಸಿದಳೋ. ಕೊನೆಗೆ ಕಿರ್ರೆಂದು ಬಿಟ್ಟುಕೊಟ್ಟಿತು. ಎರಡನೆಯದೂ ಬಂತು. ಅಂಗೈಯಲ್ಲಿ ಅವೆರಡನ್ನು ಇಟ್ಟುಕೊಂಡು ಅರವತ್ತನಾಲ್ಕು ವರ್ಷದ ಗಂಡಸು ಗೊಳೋ ಎಂದು ಅತ್ತೆ. ಅವಳನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಅಳಲಿಲ್ಲ ಎಂದು ಆಡಿಕೊಂಡವರು ಬಂದು ನೋಡಬೇಕಿತ್ತು.

ಚಳಿಗಾಲದ ಜೆಟ್ ಹಾಕಿ, ಮತ್ತೆ ಬಿಸಿಮಾಡಿ, ಭಾವ ನಿಂತಿದ್ದ ದಡದ ಕಡೆಗೆ ಪೂರ್ತಿ ವೇಗದಲ್ಲಿ ಬಂದೆ. ಆ ತೆಳ್ಳನೆಯ ದನಿ ಇರಲಿಲ್ಲ. ವೇಗದಲ್ಲಿರುವಾಗಲೇ ಇಂಜಿನ್ ಆಫ್ ಮಾಡಿ ಜಾರಿಕೊಂಡು ಬಂದು ಅವರ ಮುಂದೆ ನಿಲ್ಲಿಸಿದೆ. ಹದ ಸರಿಯಿದೆಯೋ ಇಲ್ಲವೋ ಎಂದು ಸ್ಪಾರ್ಕ್ ಪ್ಲಗ್ಗಿನ ಬಣ್ಣ ಹೇಳುವುದು ಹಾಗೆ ನಿಲ್ಲಿಸಿದಾಗ ಮಾತ್ರ. ಬಿಳಿಯಾಗಿದ್ದರೆ ಒಣಗಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಭಾವ ಏನೂ ಕೇಳದೆ ಪ್ಲಗ್ ಬಿಚ್ಚಿ, ಕನ್ನಡಕ ಹಣೆಗೇರಿಸಿ ನೋಡಿದರು.

"ಕಾಫಿ ಬಣ್ಣ. ವರ್ನಾ ಮಾಡಿದ್ರೂ ಹೀಗೇ ಇರ್ತಿತ್ತು" ಎಂದರು. "ಅವಳಿಲ್ದೇನೂ ನಿಂಗೆ ಬರುತ್ತಲ್ಲೋ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಐದು ತಿಂಗಳು ನಾನು ಕಾದದ್ದು ಈ ಮಾತಿಗಲ್ಲ. ಅವಳಿಲ್ಲದೆ ಈ ಗಾಡಿ ಓಡುವುದಿಲ್ಲ ಎಂದು ನಂಬಿಕೊಂಡಿದ್ದೆ. ಓಡದೆ ಇರುವಷ್ಟು ದಿನ, ಅದನ್ನು ಹದ ಮಾಡಲು ಅವಳು ಬಂದೇ ಬರಬೇಕಾದವಳಾಗಿದ್ದಳು.

"ಇನ್ನೊಂದ್ಸಲ ನೋಡಿ ಭಾವ" ಎಂದೆ. "ಏನಾದ್ರೂ ತಪ್ಪಿರುತ್ತೆ."

ಅವರು ನನ್ನ ಮುಖ ನೋಡಿದರು. ಪ್ಲಗ್ಗನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ತುಂಬ ಹೊತ್ತು ನೋಡಿದರು, ನಿಜವಾಗಿಯೂ ಒಂದು ತಪ್ಪು ಸಿಗಲಿ ಎಂದು ಹುಡುಕುವವರಂತೆ.

"ಇಲ್ಲ ಕಣೋ" ಎಂದರು ಕೊನೆಗೆ. "ಏನೂ ತಪ್ಪಿಲ್ಲ."