ಅಣ್ಣಮ್ಮ ಹಾಕಿದ ನಾಟಿ

"ಆ ಸೀರೆ ಚಪ್ಪರದೊಳಿಕ್ಕೆ ತರಬ್ಯಾಡ ಮಾವ, ಅಲ್ಲೇ ನಿಂತ್ಕೊ," ಎಂದು ಪವಿತ್ರ ಕೈ ಅಡ್ಡ ಹಿಡಿದಳು.

ಬೂಕನಕೆರೆಯಿಂದ ಅರಕೆರೆಗೆ ಬಂದ ಸೋದರಮಾವ ಜವರಯ್ಯ ಹಾಗೇ ನಿಂತ. ಒಳಗೆ ಅವನ ಅಕ್ಕ, ಪವಿತ್ರಳ ಅವ್ವ ಅಣ್ಣಮ್ಮನ ಹೆಣಕ್ಕೆ ಕೊನೆಯ ನೀರು ಹಾಕಿ ಮುಗಿದಿತ್ತು.

"ತವರು ಸೀರೆ ಬೀಳ್ದೆ ಹೆಣ ಎತ್ತಂಗಿಲ್ಲ ಕಣವ್ವ," ಎಂದರು ಊರಿನ ಹಿರಿಯ ಚಿಕ್ಕಯ್ಯ. "ಸಾವಿನ್ ಮನೇಲಿ ಜಗಳ ಯಾಕೆ?"

ಪವಿತ್ರ ಕೈ ಇಳಿಸಲಿಲ್ಲ. ಹಲ್ಲು ಕಚ್ಚಿಕೊಂಡು ಅವಳು ಕಾದಿದ್ದದ್ದು ಈ ಗಳಿಗೆಗೇ. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿತ್ತು.

*

ಎರಡು ವರ್ಷದ ಹಿಂದೆ ಹುಲ್ಲಿನ ಮೆದೆಯಿಂದ ಬಿದ್ದ ಅಣ್ಣಮ್ಮ ಕಣ್ಣು ಬಿಡುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ. ನೋಡಲು ಬಂದ ಜವರಯ್ಯ ಇದೇ ಸೀರೆಯನ್ನು ಅವಳ ಕಾಲ ಮೇಲೆ ಎಸೆದಿದ್ದ.

"ಇದು ಉಸ್ರಾಡೋ ಹೆಣ ಕಣವ್ವ. ಮೂಗಿನ್ ಪೈಪು ಕಿತ್ತಾಕು. ಸೀರೆ ತಂದಿವ್ನಿ, ಪದೇ ಪದೇ ಬರಕ್ಕೆ ನಂಗಾಗಕಿಲ್ಲ."

ಪವಿತ್ರ ಅದನ್ನು ಅವನ ಜೊತೆಯಲ್ಲೇ ಹೊರಗಟ್ಟಿದಳು.

ಮುಂದಿನ ತಿಂಗಳು ಮೈಸೂರಿನ ಡಾಕ್ಟರೊಬ್ಬರು ಅಣ್ಣಮ್ಮನ ತಲೆಗೆ, ಮಿದುಳಿನಲ್ಲಿ ನಡೆಯುವುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ವೈರುಗಳ ಟೋಪಿ ಹಾಕಿದರು. "ಹೌದು ಅನ್ನೋದಾದ್ರೆ ನಾಟಿ ಹಾಕೋದನ್ನ ನೆನೆಸ್ಕೊಳ್ಳಿ. ಇಲ್ಲ ಅಂದ್ರೆ ಸುಮ್ನಿರಿ."

ನಲವತ್ತು ವರ್ಷ ಗದ್ದೆಯ ಕೆಸರಿನಲ್ಲಿ ಬಗ್ಗಿ ಪೈರು ನೆಟ್ಟ ಹೆಂಗಸು. "ನಿಮ್ಮ ಮಗಳ ಹೆಸ್ರು ಪವಿತ್ರಾನಾ?" ಬೆರಳು ಅಲುಗಲಿಲ್ಲ, ಪರದೆಯ ಮೇಲಿನ ಗೆರೆ ಬದಲಾಯಿತು. "ಇಂದಿರಾನಾ?" ಗೆರೆ ಸುಮ್ಮನಿತ್ತು. ಮತ್ತೆ ಮತ್ತೆ ಕೇಳಿ ನೋಡಿದ ಡಾಕ್ಟರು, "ಇವ್ರಿಗೆ ಎಲ್ಲಾ ಕೇಳಿಸ್ತಿದೆಯಮ್ಮ," ಎಂದರು.

ಹಾಗಾದರೆ ಅವ್ವ ಮಾವನ ಆ ಮಾತನ್ನೂ ಕೇಳಿಸಿಕೊಂಡಿದ್ದಳು! ಪವಿತ್ರ ತಾನೇ ಬಗ್ಗಿ ಕೇಳಿದಳು: "ಅವ್ವಾ, ಮಾವ ತಂದಿದ್ ಸೀರೆ ಬ್ಯಾಡ್ವಾ ನಿಂಗೆ?"

ಗೆರೆ ಬದಲಾಯಿತು. ಬ್ಯಾಡ ಎಂದು ಅಣ್ಣಮ್ಮ ನಾಟಿ ಹಾಕಿದಳು. ಮೂರು ಸಲ ಕೇಳಿದರೆ ಮೂರು ಸಲವೂ ಹಾಕಿದಳು.

*

ಪವಿತ್ರ ಇದಿಷ್ಟನ್ನೂ ಚಪ್ಪರದಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು. ಚಿಕ್ಕಯ್ಯ ತಲೆ ತಗ್ಗಿಸಿದರು. ಜವರಯ್ಯ ಒಂದು ಹೆಜ್ಜೆ ಮುಂದೆ ಬಂದ.

"ಒಂದ್ ಸಲ ಒಳಿಕ್ಕೆ ಬುಡವ್ವ. ತಪ್ಪಾಯ್ತು ಅಂತ ಅಕ್ಕನ್ಗೆ ಯೋಳ್ಬುಡ್ತೀನಿ."

"ಎರಡು ವರ್ಸ ಕಿವಿ ತೆರ್ಕೊಂಡ್ ಮಲಗಿದ್ಲು. ಆಗ ನೀನ್ ಬರ್ನಿಲ್ಲ. ಈಗ ಯಾರ್ಗ್ ಯೋಳ್ತೀಯ? ಅದು ಬರೀ ಹೆಣ, ಮಾವ."

ಅವಳು ಗೂಟದಲ್ಲಿದ್ದ ಅವ್ವನ ಹಳೆಯ ಸೀರೆ ತಂದು ಹೊದಿಸಿದಳು. ಎಷ್ಟು ಒಗೆದರೂ ಅದರ ಅಂಚಿನ ಕೆಸರು ಹೋಗಿರಲಿಲ್ಲ.

ಹೆಣ ಅರಕೆರೆಯ ನಾಲೆ ಏರಿಯ ಮೇಲೆ ಸಾಗಿತು. ಹಿಂದೆ ಬಹುದೂರದಲ್ಲಿ ಜವರಯ್ಯ ಸೀರೆ ಹಿಡಿದುಕೊಂಡು ಬರುತ್ತಿದ್ದ. ಗದ್ದೆಯಲ್ಲಿದ್ದ ಹೆಣ್ಣಾಳುಗಳು ಕೆಲಸ ಬಿಟ್ಟು ಎದ್ದು ನಿಂತು ಹೆಣಕ್ಕೆ ಕೈ ಮುಗಿದರು. ಪವಿತ್ರ ತಿರುಗಿ ನೋಡಿದಳು. ಜವರಯ್ಯ ಆ ಸೀರೆ ಹಿಡಿದು ಗದ್ದೆಯ ಹತ್ತಿರ ಬರುವಷ್ಟರಲ್ಲಿ ಅವರೆಲ್ಲ ಬಗ್ಗಿ ಮತ್ತೆ ನಾಟಿ ಹಾಕುತ್ತಿದ್ದರು.