ರಘುನಂದನ್ ಕಡಿದ ಸಾಲು

ಉಳಿತಾಯಕ್ಕೂ ಒಂದು ಮಿತಿ ಬೇಡವೇ? ನಮ್ಮ ಕಂಪ್ಯೂಟರ್ ಲ್ಯಾಬಿನ ರಘುನಂದನ್‌ಗೆ ಅದಿರಲಿಲ್ಲ. ಕಿಕ್ಕೇರಿಯಲ್ಲಿ ಊರವರ ತಂತಿಗಳನ್ನೆಲ್ಲ, ಪದಕ್ಕಿಷ್ಟು ದುಡ್ಡೆನ್ನುವ ಆ ಟೆಲಿಗ್ರಾಂಗಳನ್ನು, ಬರೆದುಕೊಟ್ಟು ಬೆಳೆದವನು. ಪದ ಕಡಿಯುವುದೇ ಅವನಿಗೆ ಜಾಣತನ. ತೊಂಬತ್ತೊಂಬತ್ತರಲ್ಲಿ ನಾಗಮಂಗಲದ ನಮ್ಮ ಕಾಲೇಜಿಗೆ ಇಂಟರ್‌ನೆಟ್ ಬಂದಾಗ ಇದ್ದದ್ದು ಒಂದೇ ಫೋನ್ ಲೈನು. ಹುಡುಗರು ಯಾವ ಕಂಪ್ಯೂಟರಿನಿಂದ ಏನು ಕೇಳಿದರೂ ಮೂಲೆಯಲ್ಲಿದ್ದ ಪ್ರಾಕ್ಸಿ ಎಂಬ ಯಂತ್ರ ಅದನ್ನು ಹೊರಗಿನ ಸರ್ವರಿಗೆ ದಾಟಿಸಿ, ಉತ್ತರ ತಂದುಕೊಡುತ್ತಿತ್ತು. ಅದನ್ನು ಸಜ್ಜು ಮಾಡಿದವನೂ ಅವನೇ.

ಆ ದಿನ ನನ್ನ ವಿದ್ಯಾರ್ಥಿನಿ ಅರ್ಪಿತ ಎಂಎಸ್ಸಿ ಪ್ರವೇಶ ಪರೀಕ್ಷೆಯ ಫಲಿತಾಂಶ ನೋಡಲು ಕೂತಳು. ಆಯ್ಕೆಯಾಗಿದ್ದರೆ ಮರುದಿನವೇ ಮೈಸೂರಿಗೆ ಹೋಗಿ ಸೇರಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಮಾಕವಳ್ಳಿಯಿಂದ ಬಂದಿದ್ದ ಅವಳ ಅಪ್ಪ ಹೊನ್ನಪ್ಪ ಬಾಗಿಲಲ್ಲೇ ನಿಂತಿದ್ದರು. ಪುಟ ಬಂತು, ಬರೀ ನಂಬರುಗಳು. ಅವಳದಿರಲಿಲ್ಲ. ಹುಡುಗಿ ಕೂತಲ್ಲೇ ಕುಸಿದಳು. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು. ಪಾಠ ಹೇಳಿದವಳು ನಾನು, ಅವಳು ಫೇಲಾಗುವ ಪೈಕಿ ಅಲ್ಲ.

ಮತ್ತೆ ನೋಡಿದೆ. ಅವಳ ನಂಬರಿನಲ್ಲಿ ಆರು ಅಂಕಿ, ಪುಟದಲ್ಲಿದ್ದವುಗಳಲ್ಲೆಲ್ಲ ನಾಲ್ಕೇ. ಲೈನು ನಿಧಾನವೆಂದು ಚಿತ್ರಗಳು ಬರದಂತೆ ಮಾಡಿದ್ದೆವು. ಚಿತ್ರವಾಗಿದ್ದ ತಲೆಬರಹವೂ ಅವುಗಳ ಜೊತೆ ಹೋಗಿತ್ತು. ಆ ಚಿತ್ರ ತರಿಸಿ ನೋಡಿದರೆ, ಅದು ಯಾವುದೋ ನರ್ಸಿಂಗ್ ಶಾಲೆಯ ಫಲಿತಾಂಶ.

ರಘುನಂದನ್‌ನನ್ನು ಕರೆದು, ಪ್ರಾಕ್ಸಿಗೆ ಏನು ಮಾಡಿದ್ದೀಯ ಎಂದೆ. ಲೈನು ಉಳಿಯಲಿ ಅಂತ ಪ್ರತಿ ಕೋರಿಕೆಯಲ್ಲೂ ಕೆಲವು ಸಾಲು ಕಡಿದಿದ್ದೇನೆ ಎಂದ. ಯಾವ ಜಾಲತಾಣ ಬೇಕು ಎಂದು ಹೆಸರು ಹೇಳುವ ಸಾಲೂ ಅದರಲ್ಲಿ ಸೇರಿತ್ತು. ಸರ್ವರಿನ ನಂಬರ್ ಇದೆಯಲ್ಲ, ಮತ್ತೆ ಹೆಸರೇಕೆ ಎಂಬುದು ಅವನ ವಾದ. ಆದರೆ ಆ ಒಂದೇ ನಂಬರಿನ ಸರ್ವರಿನಲ್ಲಿ ಹಲವು ತಾಣಗಳಿದ್ದವು.

"ವಠಾರಕ್ಕೆ ಒಂದೇ ಬಾಗ್ಲು ಕಣಪ್ಪ, ಒಳಗೆ ನಾಕಾರು ಮನೆ. ಯಾರ್ ಬೇಕು ಅಂತ ಕೂಗ್ದಿದ್ರೆ ಮೊದಲನೇ ಮನೆಯೋರೇ ಎದ್ದು ಬತ್ತಾರೆ," ಎಂದೆ.

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹುಡುಗರು ಕೇಳಿದ್ದನ್ನು ಕೇಳಿದ ಹಾಗೆಯೇ ದಾಟಿಸುವಂತೆ ಪ್ರಾಕ್ಸಿಯನ್ನು ಸರಿಮಾಡಿದ. ಪುಟ ನಿಧಾನವಾಗಿ ಇಳಿಯಿತು. ಅರ್ಪಿತಳ ನಂಬರ್ ಇತ್ತು. ಅವಳು ಅಳುತ್ತಲೇ ನಕ್ಕಳು, ನನಗೂ ಹೋದ ಜೀವ ಬಂದಂತಾಯಿತು.

ಮಿಲಿಟರಿಯಲ್ಲಿದ್ದ ಮಗ ನಾಗರಾಜುವಿಗೆ ತಂತಿ ಕೊಡಬೇಕೆಂದು ಹೊನ್ನಪ್ಪ ಹೇಳಿದರು. ರಘುನಂದನ್ ಪೆನ್ನು ತೆಗೆದು, ಹಳೆಯ ಅಭ್ಯಾಸದಂತೆ 'ಸೀಟು ಸಿಕ್ಕಿತು' ಎಂದಷ್ಟೇ ಬರೆದು ಓದಿ ಹೇಳಿದ.

ಹೊನ್ನಪ್ಪ ಮೆಲ್ಲಗೆ ಅವನ ಕೈ ಹಿಡಿದರು.

"ಯಾರ್ಗೆ ಸಿಕ್ತು ಅಂತ ಬರೀರಿ ಮೇಷ್ಟ್ರೇ. ಮಾಕವಳ್ಳಿ ಒನ್ನಪ್ಪನ ಮಗಳು ಅರ್ಪಿತಂಗೆ. ಒಂದಕ್ಸರಾನೂ ಕಡೀಬ್ಯಾಡಿ."