ಬಾಗಿಲ ಹಿಂದಿನ ಎಣಿಕೆ

ಹಟ ಬಿಡಿಸಲೆಂದು ಮರುಭೂಮಿಯ ಶಿಬಿರಕ್ಕೆ ಕಳಿಸಿದ್ದ ಹದಿನಾರರ ಲಾಸ್ಯಾ, ಒಂಬತ್ತು ತಿಂಗಳ ಮೇಲೆ ಸಾಂಟಾ ಕ್ಲಾರಾದ ಮನೆಗೆ ಮರಳಿದ್ದಳು. ಬಾತ್‌ರೂಮಿಗೆ ಹೋದರೆ ಸಾಕು, ಒಳಗಿನಿಂದ ಗಟ್ಟಿಯಾಗಿ ಎಣಿಸುತ್ತಿದ್ದಳು: "ಒನ್, ಟೂ, ತ್ರೀ..." ಎಣಿಕೆ ನಿಂತರೆ ಹುಡುಗಿ ಓಡಿಹೋದಳೆಂದು ಶಿಬಿರದವರು ಬಾಗಿಲು ತೆಗೆದುಬಿಡುತ್ತಿದ್ದರಂತೆ. ಅನ್ನ ಕಲಸುತ್ತ ಅವಳೇ ಹೇಳಿದ್ದಳು.

ತಾಯಿ ಆಶಾಲತಾಳನ್ನು ಶಿಬಿರದಿಂದ ಬಂದಿದ್ದ ಒಂದು ಫೋನು ಕರೆ ಕಾಡುತ್ತಿತ್ತು. ವಾರಕ್ಕೆ ಹತ್ತೇ ನಿಮಿಷ, ಮಗಳ ಪಕ್ಕದಲ್ಲಿ ಕೌನ್ಸೆಲರು, ಇಂಗ್ಲಿಷಿನಲ್ಲಷ್ಟೇ ಮಾತು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸಿದ್ದ ಮಗಳು ಅಂದು ತಡವರಿಸುತ್ತ, "ಅಮ್ಮಾ, ನಂಗೆ ಇಲ್ಲಿ ಭಯ. ಕರ್ಕೊಂಡ್ ಹೋಗು" ಎಂದಿದ್ದಳು.

ಹೆತ್ತವಳು ಮಾಡಿದ್ದೇನು? "ಇಂಗ್ಲಿಷಲ್ಲಿ ಮಾತಾಡು ಪುಟ್ಟಾ, ಅವರ ರೂಲ್ಸು ಅಲ್ವಾ" ಎಂದಿದ್ದಳು. ಫೋನಿಟ್ಟ ಮೇಲೆ, "ರೀ, ಲಾಸ್ಯಾ ಕನ್ನಡ ಮಾತಾಡಿದ್ಲು! ಕ್ಯಾಂಪಿಗೆ ಕಳ್ಸಿದ್ದು ಒಳ್ಳೇದೇ ಆಯ್ತು" ಎಂದು ಗಂಡನೆದುರು ಹಿಗ್ಗಿದ್ದಳು.

ಈ ಮಧ್ಯಾಹ್ನ ಎಣಿಕೆ ನಲವತ್ತು ದಾಟಿತು. ಆಶಾಲತಾ ಬಾತ್‌ರೂಮಿನ ಬಾಗಿಲಿಗೆ ಹಣೆಯಿಟ್ಟು, "ಸಾಕು ಪುಟ್ಟಾ. ಇಲ್ಲಿ ಅವರ್ಯಾರೂ ಇಲ್ಲ. ನಾನೊಬ್ಳೇ, ಅಮ್ಮ" ಎಂದಳು.

ಒಳಗಿನ ದನಿ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಒಂದರಿಂದ ಶುರುವಾಯಿತು, ಮೊದಲಿಗಿಂತ ಗಟ್ಟಿಯಾಗಿ.